ಪರದೇಶದಲ್ಲಿ ಹಾಡು

(ಸಭಾಪಾಠ)

ಓದತಕ್ಕ ಭಾಗಗಳು: ಕೀರ್ತನೆ 137, ಜ್ಞಾನೋಕ್ತಿ 25:20, ರೋಮಾಪುರದವರಿಗೆ 12:15.



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ನಮ್ಮ ಸಭೆಗಳಲ್ಲಿ ಹಾಡಿಲ್ಲದ ಆರಾಧನೆಯಿಲ್ಲ. ಸಾವಿನ ಮನೆಯಲ್ಲಿಯೂ ನಾವು ಹಾಡುತ್ತೇವೆ. ಆದರೆ ಯುದ್ಧದ ದೆಸೆಯಿಂದ ಮನೆಯನ್ನೂ ಹೊಲವನ್ನೂ ಬಂಧುಗಳನ್ನೂ ಕಳೆದುಕೊಂಡು ಓಡಿ ಬಂದವನಿಗೆ ಹಾಡು ಏನು ಮಾಡೀತು? ಇದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಬಲವಂತದ ಹಾಡು ಗುಣಮಾಡದು. ಕ್ರಿಸ್ತಪೂರ್ವ 586ರ ಸುಮಾರಿಗೆ ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮನ್ನು ಹಾಳುಮಾಡಿ, ಜನರನ್ನು ಸೆರೆಯೊಯ್ದನು. ಸೆರೆಹಿಡಿದವರು ತಮ್ಮ ವಿನೋದಕ್ಕಾಗಿ ಚೀಯೋನಿನ ಹಾಡನ್ನು ಕೇಳಿದಾಗ ಸೆರೆಯವರು ಕಿನ್ನರಿಗಳನ್ನು ಮರಕ್ಕೆ ತೂಗಹಾಕಿದರು. ದುಃಖಪಡುವವನ ಮುಂದೆ ಉಲ್ಲಾಸದ ಹಾಡು ಹಾಡುವದನ್ನು ಜ್ಞಾನಿಯು ಚಳಿಯಲ್ಲಿ ಒಬ್ಬನ ಹೊದಿಕೆಯನ್ನು ಕಿತ್ತುಕೊಳ್ಳುವದಕ್ಕೆ ಹೋಲಿಸಿದ್ದಾನೆ. ಆದರೆ ಒಂದು ಸಂಗತಿಯನ್ನು ಗಮನಿಸಿರಿ: ಹಾಡಲಾರೆವೆಂಬ ಆ ಗೋಳೇ ಕೀರ್ತನೆಯಾಗಿ ನಮಗೆ ಬಂದಿದೆ. ವಿನೋದಕ್ಕಾಗಿ ಬಾಯಿ ತೆರೆಯದವರು ದೇವರ ಮುಂದೆ ತಮ್ಮ ಕಣ್ಣೀರನ್ನೇ ಹಾಡಾಗಿ ಸುರಿದರು.

2. ಕೂಡಿ ಹಾಡುವದು ಚದರಿದವರನ್ನು ಒಟ್ಟುಗೂಡಿಸುತ್ತದೆ. 1942ರ ಫೆಬ್ರವರಿಯಲ್ಲಿ ಸಿಂಗಪುರವು ಜಪಾನಿನ ಕೈವಶವಾದಾಗ, ಅಲ್ಲಿಂದ ತಪ್ಪಿಸಿಕೊಂಡು ಹೊರಟ ಅನೇಕ ಸ್ತ್ರೀಯರು ಸುಮಾತ್ರ ದ್ವೀಪದಲ್ಲಿ ಸೆರೆಯಾದರು. ಅವರಲ್ಲಿ ಪ್ರೆಸ್ಬಿಟೇರಿಯನ್ ಸಭೆಯ ಮಿಷನೆರಿಯಾದ ಮಾರ್ಗರೆಟ್ ಡ್ರೈಬರ್ಗ್ ಎಂಬಾಕೆಯೂ, ಸಂಗೀತ ಬಲ್ಲ ನೋರಾ ಚೇಂಬರ್ಸ್ ಎಂಬಾಕೆಯೂ ಇದ್ದರು. ವಾದ್ಯಗಳಿರಲಿಲ್ಲ, ಆದಕಾರಣ ವಾದ್ಯಮೇಳದ ರಾಗಗಳನ್ನು ನೆನಪಿನಿಂದಲೇ ಬರೆದು, ಮಾತುಗಳಿಲ್ಲದೆ ಸ್ವರದಿಂದ ಮಾತ್ರ ಹಾಡುವಂತೆ ಸುಮಾರು 30 ಮಂದಿಗೆ ಕಲಿಸಿದರು. ಮಾತುಗಳಿಲ್ಲದ್ದರಿಂದ ಇಂಗ್ಲಿಷರೂ ಡಚ್ಚರೂ ಕೂಡಿ ಹಾಡಬಲ್ಲವರಾದರು. 1943ರ ದಶಂಬರ 27ರಂದು ಹಸಿದವರ ಬಾಯಿಂದಲೇ ಆ ಮೊದಲ ಗಾನವು ಕೇಳಿಸಿತು.

ಕೂಡಿ ಹಾಡುವಾಗ ಎಲ್ಲರ ಉಸಿರು ಒಂದೇ ಅಳತೆಗೆ ಬರುತ್ತದೆ. ಉಸಿರನ್ನು ನಿಧಾನವಾಗಿ ಬಿಡುವದರಿಂದ ಎದೆಯ ಬಡಿತವೂ ಶಾಂತವಾಗುತ್ತದೆ. ಆದರೂ ಹಾಡು ಅನ್ನವಲ್ಲ, ಮದ್ದೂ ಅಲ್ಲ. ಹಾಡುವವರಲ್ಲಿ ಅನೇಕರು ಹಸಿವೆಯಿಂದಲೂ ರೋಗದಿಂದಲೂ ಸತ್ತರು. ಡ್ರೈಬರ್ಗಮ್ಮನವರು ತಾವೂ 1945ರ ಏಪ್ರಿಲಿನಲ್ಲಿ ಸೆರೆಯಲ್ಲಿಯೇ ನಿದ್ರೆಹೋದರು. ಆದರೆ ತಾವು ಬರೀ ಸೆರೆಯವರಲ್ಲ, ಮನುಷ್ಯರು ಎಂಬದನ್ನು ಹಾಡು ಅವರಿಗೆ ಮರೆಯಗೊಡಿಸಲಿಲ್ಲ.

3. ಹಾಡು ಕಳೆದುಹೋದ ಮನೆಯನ್ನು ಮಕ್ಕಳಿಗೆ ಮುಟ್ಟಿಸುತ್ತದೆ. ಇದಕ್ಕೆ ಸಾಕ್ಷಿಯು ನಮ್ಮ ರಾಜ್ಯದಲ್ಲಿಯೇ ಉಂಟು. 1959ರಲ್ಲಿ ಚೀನೀ ಸೈನ್ಯದ ದೆಸೆಯಿಂದ ತಮ್ಮ ದೇಶವನ್ನು ಬಿಟ್ಟು ಬಂದ ಟಿಬೆಟಿನವರಲ್ಲಿ ಸಾವಿರಾರು ಮಂದಿಗೆ, ಅಂದಿನ ಮೈಸೂರು ಸರ್ಕಾರವು ಪಿರಿಯಾಪಟ್ಟಣ ತಾಲೂಕಿನ ಬೈಲುಕುಪ್ಪೆಯಲ್ಲಿ ಕಾಡುಭೂಮಿಯನ್ನು ಕೊಟ್ಟಿತು. ಆ ಜನರು ಮನೆಮಠಗಳಿಗೆ ನೆಲೆಯಿಲ್ಲದಿದ್ದ ಅದೇ 1959ರ ಆಗಸ್ಟಿನಲ್ಲಿ, ಕಾಲಿಂಪಾಂಗಿನಲ್ಲಿ, ತಮ್ಮ ಹಾಡು ಕುಣಿತಗಳನ್ನು ಕಾಪಾಡುವದಕ್ಕೆ ಒಂದು ಸಂಸ್ಥೆಯನ್ನು ಕಟ್ಟಿಕೊಂಡರು. ಅದು ಈಗ ಧರ್ಮಶಾಲೆಯಲ್ಲಿದೆ. ನಮ್ಮ ಕಡೆಯ ಕೇಳಿಕೆಯಂತೆ ಅವರಿಗೂ ಲ್ಹಾಮೋ ಎಂಬ ಹಾಡುನಾಟಕವುಂಟು. ಅವರ ಮತವು ನಮ್ಮದಲ್ಲ. ಆದರೂ ಗಂಟುಮೂಟೆಯಿಲ್ಲದವನು ಹೊತ್ತು ತರಬಲ್ಲ ಆಸ್ತಿಯು ಹಾಡೇ ಎಂಬದನ್ನು ಅವರಿಂದ ಕಲಿಯಬಹುದು.

4. ನಮ್ಮ ಕರ್ತವ್ಯ. 2023ರ ಮೇ ತಿಂಗಳಲ್ಲಿ ಮಣಿಪುರದಲ್ಲಿ ಎದ್ದ ಕಲಹದಿಂದ ಎರಡೂ ಪಕ್ಷದ ಸಾವಿರಾರು ಜನರು ನಿರಾಶ್ರಿತರಾದರು. ಕೆಲವರು ಬೆಂಗಳೂರಿಗೂ ಬಂದರು. ಅಂಥವನೊಬ್ಬನು ನಾಳೆ ಕೆಲಸ ಹುಡುಕುತ್ತಾ ನಮ್ಮ ಊರಿಗೆ ಬಂದು ದೇವಾಲಯದ ಹಿಂದಿನ ಚಾಪೆಯಲ್ಲಿ ಕೂತುಕೊಂಡರೆ ಏನು ಮಾಡುವಿರಿ? ಮೊದಲು ಊಟ ಹಾಕಿರಿ. ಹಾಡೆಂದು ಬಲವಂತ ಮಾಡಬೇಡಿರಿ. ಅವನು ಅತ್ತರೆ ಕೂಡ ಅಳಿರಿ. ನೀವು ಮೆಲ್ಲನೆ ಹಾಡಿ, ಅವನಿಗೆ ಪಕ್ಕದಲ್ಲಿ ಸ್ಥಳ ಬಿಡಿರಿ. ಒಂದು ದಿನ ಅವನೇ ತನ್ನ ಭಾಷೆಯ ಹಾಡನ್ನು ಎತ್ತಿದರೆ, ಅರ್ಥ ತಿಳಿಯದಿದ್ದರೂ ತಾಳ ಹಾಕಿರಿ. ಕನ್ನಡವನ್ನೂ ತೆಲುಗನ್ನೂ ಒಂದೇ ಆರಾಧನೆಯಲ್ಲಿ ಹಾಡಿ ರೂಢಿಯಿರುವ ನಮಗೆ ಇದು ಕಷ್ಟವಲ್ಲ.

ಶಿಶುವಾಗಿದ್ದಾಗಲೇ ಐಗುಪ್ತಕ್ಕೆ ಓಡಿಹೋಗಬೇಕಾದ ಕರ್ತನು ನಮ್ಮ ಬಾಯನ್ನೂ ಬಾಗಿಲನ್ನೂ ತೆರೆಯಲಿ.

ಪ್ರಶ್ನೆಗಳು

1. ಸೆರೆಯವರು ಕಿನ್ನರಿಗಳನ್ನು ಯಾಕೆ ತೂಗಹಾಕಿದರು?
2. ಸುಮಾತ್ರದ ಸ್ತ್ರೀಯರು ಮಾತುಗಳಿಲ್ಲದೆ ಹಾಡಿದ್ದರಿಂದ ಏನು ಪ್ರಯೋಜನವಾಯಿತು?
3. ನಮ್ಮ ಸಭೆಯಲ್ಲಿ ಹಾಡದೆ ಸುಮ್ಮನೆ ಕೂತಿರುವವರು ಯಾರು? ಅವರ ದುಃಖವನ್ನು ನಾವು ಕೇಳಿದ್ದೇವೋ?