ಬೀಜದ ಹವ್ಯಾಸ, ರಾಗಿಯ ವ್ಯಾಪಾರ

ನಾಟಿ ಬೀಜ ಕೂಡಿಡೋ ಹವ್ಯಾಸ ಈಗ ಬಹಳ ರೈತರಿಗಿದೆ. ಜೊತೆಗೆ 'ಇದರಿಂದ ನಾಲ್ಕು ಕಾಸು ಹುಟ್ಟುತ್ತಾ?' ಅನ್ನೋ ಪ್ರಶ್ನೆಯೂ ಇದೆ. ಹುಟ್ಟುತ್ತೆ. ಆದರೆ ಎರಡರ ಲೆಕ್ಕ ಬೇರೆ ಬೇರೆ ಇಡಬೇಕು.

ನಮ್ಮ ಪಕ್ಕದ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿ ಉಳಿಸಿದ್ದಾರೆ. ಅವರ 'ಬಡಾ ಬಾಗ್' ತೋಟದಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವಿದೆ. ಅವರದು ಗದ್ದೆ. ನಾನು ಮದ್ದೂರು ಕಡೆಯ ಖುಷ್ಕಿಯವನು. ಮೂರು ಎಕರೆ, ಮಳೆ ನಂಬಿದ ಬೇಸಾಯ. ನನ್ನ ಹವ್ಯಾಸ ರಾಗಿ, ಒಂಬತ್ತು ತಳಿ.

ಹವ್ಯಾಸಕ್ಕೆ ಎರಡು ಗುಂಟೆ

ಒಂಬತ್ತು ತಳಿಗೂ ಸೇರಿ ಎರಡೇ ಗುಂಟೆ. ರಾಗಿ ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳೋ ಬೆಳೆ. ತಳಿ ತಳಿ ನಡುವೆ 3 ಮೀಟರ್ ಬಿಟ್ಟರೆ ಬೆರಕೆ ಭಯ ಕಡಿಮೆ. ಆ ಜಾಗ ಸುಮ್ಮನೆ ಬಿಡಬೇಡಿ, ಅವರೆ, ಅಲಸಂದೆ ಹಾಕಿ. ತೆನೆ ಬಂದಾಗ ಒಮ್ಮೆ, ಕುಯ್ಯೋ ಮುಂಚೆ ಒಮ್ಮೆ, ಬೇರೆ ಥರ ಕಾಣೋ ಗಿಡ ಕಿತ್ತುಹಾಕಿ.

ಇದ್ದ ಬೀಜವನ್ನೆಲ್ಲ ಒಂದೇ ಸಲ ಬಿತ್ತಬಾರದು. ಅರ್ಧ ಮಡಕೆಯಲ್ಲೇ ಇರಲಿ. ಮಳೆ ಕೈಕೊಟ್ಟ ವರ್ಷ ತಳಿಯೇ ಹೊರಟುಹೋಗುತ್ತೆ. ಆಮೇಲೆ ದುಡ್ಡು ಕೊಟ್ಟರೂ ಸಿಗೊಲ್ಲ.

ವ್ಯಾಪಾರ ಯಾವುದರದ್ದು?

ಬರೀ ಬೀಜ ಮಾರಿ ಬದುಕೋದು ಕಷ್ಟ. ಯಾಕೆ ಅಂದ್ರೆ, ಎಕರೆಗೆ ಕೂರಿಗೆ ಬಿತ್ತನೆಗೆ 4 ಕಿಲೋ, ನಾಟಿಗೆ 2 ಕಿಲೋ ಸಾಕು. ಕೊಂಡವನು ಮುಂದಿನ ವರ್ಷ ತನ್ನ ಬೀಜ ತಾನೇ ಇಟ್ಟುಕೊಳ್ತಾನೆ. ಹಾಗೆ ಇಟ್ಟುಕೊಳ್ಳಲಿ ಅನ್ನೋದೇ ಹವ್ಯಾಸದ ಆಸೆ! ರಾಗಿ, ಹಿಟ್ಟು, ಹುರಿಹಿಟ್ಟು ಕೊಂಡವನು ಮಾತ್ರ ತಿಂದು ಮುಗಿಸಿ ಮತ್ತೆ ಬರ್ತಾನೆ.

ಅದಕ್ಕೇ ಮುದ್ದೆಗೆ ರುಚಿಯಾದ ಒಂದೋ ಎರಡೋ ತಳಿ ಆರಿಸಿ, ಒಂದು ಎಕರೆ ವ್ಯಾಪಾರಕ್ಕೆ ಬೆಳೀತೀನಿ. ಉಳಿದದ್ದು ಮನೆಗೆ, ದನಕ್ಕೆ. ಹಿಟ್ಟು ಪೊಟ್ಟಣ ಕಟ್ಟಿ ಮಾರೋರು ಆಹಾರ ಸುರಕ್ಷತೆಯ ನೋಂದಣಿ ಮಾಡಿಸಬೇಕು.

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ ರೈತ ತನ್ನ ಬೀಜ ಉಳಿಸಬಹುದು, ಹಂಚಬಹುದು, ಮಾರಬಹುದು. ಆದರೆ ಕಾಯ್ದೆಯಡಿ ಸಂರಕ್ಷಿತವಾದ ತಳಿಯ ಬೀಜವನ್ನು ಬ್ರಾಂಡ್ ಹಾಕಿ ಮಾರುವಂತಿಲ್ಲ.

ಎರಡು ಪುಸ್ತಕ

ನಮ್ಮನೆಯಲ್ಲಿ ಎರಡು ಲೆಕ್ಕದ ಪುಸ್ತಕ. ವ್ಯಾಪಾರದ್ದರಲ್ಲಿ ಗೊಬ್ಬರ, ಆಳು, ಮಿಲ್ಲಿನ ಕೂಲಿ, ಬಸ್ ಚಾರ್ಜು ಎಲ್ಲ ಬರೀತೀನಿ. ಹವ್ಯಾಸದ್ದರಲ್ಲಿ ತಳಿ ಹೆಸರು, ಕೊಟ್ಟವರು, ಬಿತ್ತಿದ ದಿನ, ತೆನೆ ಬಂದ ದಿನ. 'ಈ ಮಡಕೆಗಳಿಂದ ಏನು ಬಂತು?' ಅಂತ ಮನೆಯವರು ಕೇಳೋದು ನ್ಯಾಯವೇ. ಹವ್ಯಾಸದ ಖರ್ಚು ಎರಡು ಗುಂಟೆ ದಾಟದಿದ್ದರೆ ಉತ್ತರ ಸುಲಭ.

ಮಾರಾಟವಾಗದ ತಳಿ ಬಿಡೋಣ ಅನ್ನಿಸಿದಾಗ ಒಂದು ಮಾತು ನೆನಪಿಡಿ: ಇವತ್ತು ಗಿರಾಕಿ ಇಲ್ಲದ ತಳಿಯೇ ನಾಳೆ ಮಳೆ ತಡವಾದಾಗ ಬೇಕಾಗಬಹುದು. ಅದನ್ನ ಕಾಯೋಕೆ ಅರ್ಧ ಗುಂಟೆಯೂ ಬೇಡ.