ಮರುಭೂಮಿಯ ಅಂಗಳದಲ್ಲಿ ಕಾಡುಹೂವು ಬೆಳೆಸುವುದು ಹೀಗೆ

ಅರಿಜೋನಾದ ಫೀನಿಕ್ಸ್, ಚಾಂಡ್ಲರ್, ಟೂಸಾನ್ ಕಡೆ ಮನೆ ಮಾಡಿದ ಕನ್ನಡಿಗರು ಕುಂಡದಲ್ಲಿ ಮಲ್ಲಿಗೆ, ಕರಿಬೇವು ಬೆಳೆಸಿಕೊಳ್ಳುತ್ತಾರೆ. ಅವು ಇರಲಿ. ಮನೆ ಮುಂದೆ ಜಲ್ಲಿ ಹಾಸಿ ಬಿಟ್ಟಿರುವ ಖಾಲಿ ಜಾಗಕ್ಕೆ ಮಾತ್ರ ಆ ನೆಲದ್ದೇ ಹೂಗಿಡಗಳು ಬೇಕು. ಫೀನಿಕ್ಸ್‌ನಲ್ಲಿ ವರ್ಷಕ್ಕೆ ಸರಾಸರಿ 200 ಮಿಲಿಮೀಟರ್ ಮಳೆಯೂ ಆಗುವುದಿಲ್ಲ. 2023ರ ಬೇಸಿಗೆಯಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಸೊನೋರಾ ಮರುಭೂಮಿಯ ಕಾಡುಹೂಗಳು ಇಂಥ ಬಿಸಿಲಿಗೇ ಹೊಂದಿಕೊಂಡು ಬೆಳೆದಿವೆ. ಬಿಸಿಲಿಗಿಂತ ಅವುಗಳನ್ನು ಹೆಚ್ಚು ಕೊಲ್ಲುವುದು ನಾವು ಪ್ರೀತಿಯಿಂದ ಹಾಕುವ ಗೊಬ್ಬರ ಮತ್ತು ದಿನಾ ಸುರಿಯುವ ನೀರು.

ಯಾವಾಗ ನೆಡಬೇಕು?

ಅಕ್ಟೋಬರ್, ನವೆಂಬರ್. ಮಾರ್ಚ್‌ನಲ್ಲಿ ನರ್ಸರಿಗಳ ತುಂಬ ಹೂ ಬಿಟ್ಟ ಗಿಡಗಳಿರುತ್ತವೆ, ಕೊಳ್ಳಬೇಕೆಂಬ ಆಸೆಯೂ ಆಗುತ್ತದೆ. ಆದರೆ ಆಗ ನೆಟ್ಟರೆ ಬೇರು ಆಳಕ್ಕೆ ಇಳಿಯುವ ಮೊದಲೇ ಜೂನ್ ಬಂದುಬಿಡುತ್ತದೆ. ಶರತ್ಕಾಲದಲ್ಲಿ ನೆಟ್ಟ ಗಿಡಕ್ಕೆ ಚಳಿಗಾಲದ ಸೋನೆಮಳೆ ಸಿಗುತ್ತದೆ, ಬೇರೂರಲು ಆರೇಳು ತಿಂಗಳ ಬಿಡುವೂ ಸಿಗುತ್ತದೆ. ಬೀಜ ಚೆಲ್ಲುವುದಕ್ಕೂ ಇದೇ ಹದ.

ನೆಲ ಸಿದ್ಧಮಾಡುವುದು

ಗುಂಡಿ ತೋಡುವ ಮೊದಲು 811ಕ್ಕೆ ಕರೆ ಮಾಡಿ. ನೆಲದಡಿಯ ಗ್ಯಾಸ್, ಕರೆಂಟ್ ಲೈನುಗಳು ಎಲ್ಲಿವೆ ಎಂದು ಗುರುತು ಹಾಕಿಸುತ್ತಾರೆ, ಅದಕ್ಕೆ ದುಡ್ಡಿಲ್ಲ. ನಿಮ್ಮ ಬಡಾವಣೆಯ ಅಸೋಸಿಯೇಷನ್ ಒಪ್ಪಿದ ಗಿಡಗಳ ಪಟ್ಟಿ ಇದ್ದರೆ ಅದನ್ನೂ ನೋಡಿಕೊಳ್ಳಿ.

ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು ಬೀಳುವ ಕಡೆ ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಮಾರನೆಯ ದಿನವೂ ನೀರು ನಿಂತಿದ್ದರೆ ಕೆಳಗೆ ‘ಕ್ಯಾಲೀಚಿ’ ಇದೆ ಎಂದು ಅನುಮಾನಿಸಬೇಕು. ಅದು ಸುಣ್ಣದಿಂದ ಗಟ್ಟಿಗೊಂಡು ಕಲ್ಲಿನಂತಾದ ಪದರ. ಹಾರೆಯಿಂದ ಅದನ್ನು ಒಡೆದು ನೀರಿಗೆ ದಾರಿ ಮಾಡಿ. ಆಗದಿದ್ದರೆ ಜಾಗ ಬದಲಿಸಿ, ಅಥವಾ ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಿ. ಗಿಡ ನೆಡುವ ಗುಂಡಿ ಕುಂಡದ ಎರಡು ಮೂರು ಪಟ್ಟು ಅಗಲವಿರಲಿ, ಆಳ ಕುಂಡದಷ್ಟೇ ಸಾಕು. ತೆಗೆದ ಮಣ್ಣನ್ನೇ ತುಂಬಿ, ಗೊಬ್ಬರ ಬೇಡ. ಗೊಬ್ಬರ ಕಂಡ ಕಾಡುಗಿಡ ಎಲೆ ಸೊಕ್ಕಿ ಬೆಳೆದು, ಕಾಂಡ ಸಡಿಲವಾಗಿ, ಬೇಗ ಮುಗಿದುಹೋಗುತ್ತದೆ.

ಯಾವ ಗಿಡಗಳು?

ಮೊದಲು ಗ್ಲೋಬ್ ಮ್ಯಾಲೋ. ಇದು ದಾಸವಾಳದ ಕುಟುಂಬದ ಗಿಡ. ಚಳಿ ಮುಗಿಯುತ್ತಿದ್ದಂತೆ ಕಿತ್ತಳೆ ಬಣ್ಣದ ಹೂ ಮೈತುಂಬ ಬಿಡುತ್ತದೆ. ಈ ಕುಲದ ಹೂಗಳ ಪರಾಗವನ್ನೇ ನೆಚ್ಚಿಕೊಂಡಿರುವ ‘ಡಯಾಡೇಸಿಯಾ’ ಎಂಬ ಒಂಟಿ ಜೇನುಗಳಿವೆ. ಸಂಜೆ ಹೊತ್ತು ಅವು ಈ ಹೂವಿನ ಬಟ್ಟಲೊಳಗೇ ಮಲಗಿರುವುದನ್ನು ನೋಡಬಹುದು. ಗಿಡದ ನವಿರು ರೋಮ ಕಣ್ಣಿಗೆ ಉರಿ ತರುತ್ತದೆ, ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ.

ಡೆಸರ್ಟ್ ಮಿಲ್ಕ್‌ವೀಡ್ ನಮ್ಮ ಎಕ್ಕದ ಬಂಧು. ಹೆಚ್ಚುಕಡಿಮೆ ಎಲೆಯೇ ಇಲ್ಲದ, ನೆಟ್ಟಗಿನ ಬೂದುಹಸಿರು ಕಡ್ಡಿಗಳು. ನಮ್ಮೂರಲ್ಲಿ ಎಕ್ಕದ ಮೇಲೆ ಮೊಟ್ಟೆಯಿಡುವ ಪ್ಲೇನ್ ಟೈಗರ್ ಚಿಟ್ಟೆಯ ಕುಲಕ್ಕೇ ಸೇರಿದ ಕ್ವೀನ್, ಮೊನಾರ್ಕ್ ಚಿಟ್ಟೆಗಳು ಇದನ್ನು ಹುಡುಕಿಕೊಂಡು ಬರುತ್ತವೆ. ಪಟ್ಟೆಪಟ್ಟೆಯ ಹುಳು ಗಿಡ ಮೇಯುತ್ತಿದ್ದರೆ ಮೇಯಲು ಬಿಡಿ, ಅದಕ್ಕೆಂದೇ ನೆಟ್ಟಿದ್ದು. ಹಳದಿ ಹೇನು ಹತ್ತಿದರೆ ಪೈಪಿನ ನೀರು ಹಾಯಿಸಿ ಉದುರಿಸಿ. ಮುರಿದರೆ ಬರುವ ಹಾಲು ಕಣ್ಣಿಗೆ ತಾಗಬಾರದು.

ಡೆಸರ್ಟ್ ಸೆನ್ನಾ ತಂಗಡಿಯ ಕುಲದ್ದು, ಹಳದಿ ಹೂ ಕಂಡ ಕೂಡಲೇ ಗುರುತು ಹತ್ತುತ್ತದೆ. ಪ್ಯಾರೀಸ್ ಪೆನ್‌ಸ್ಟೆಮನ್ ವಸಂತದಲ್ಲಿ ಗುಲಾಬಿ ಬಣ್ಣದ ಕೊಳವೆ ಹೂಗಳನ್ನು ಎತ್ತರದ ಕಡ್ಡಿಯ ತುಂಬ ಬಿಟ್ಟು ಹಮ್ಮಿಂಗ್‌ಬರ್ಡ್‌ಗಳನ್ನು ಕರೆಯುತ್ತದೆ. ಡೆಸರ್ಟ್ ಮೇರಿಗೋಲ್ಡ್ ಕೆಲವೇ ವರ್ಷ ಬದುಕಿದರೂ ತನ್ನ ಬೀಜವನ್ನು ತಾನೇ ಚೆಲ್ಲಿಕೊಳ್ಳುತ್ತದೆ. ಬಿಳಿ ಹೂವಿನ ಬ್ಲ್ಯಾಕ್‌ಫುಟ್ ಡೇಸಿಗೆ ಮಧ್ಯಾಹ್ನದ ನಂತರ ಸ್ವಲ್ಪ ನೆರಳಿದ್ದರೆ ಒಳ್ಳೆಯದು. ಒಂದೊಂದು ಜಾತಿಯ ಮೂರು ನಾಲ್ಕು ಗಿಡಗಳನ್ನು ಒಟ್ಟಿಗೆ ನೆಡಿ, ಜೇನಿಗೆ ದೂರದಿಂದಲೇ ಕಾಣುತ್ತದೆ.

ಗಿಡ, ಬೀಜಗಳನ್ನು ಸ್ಥಳೀಯ ಸಸ್ಯಗಳ ನರ್ಸರಿಯಲ್ಲೇ ಕೊಳ್ಳಿ. ಫೀನಿಕ್ಸ್‌ನ ಡೆಸರ್ಟ್ ಬಟಾನಿಕಲ್ ಗಾರ್ಡನ್ ಕೂಡ ಗಿಡಗಳ ಮಾರಾಟ ನಡೆಸುತ್ತದೆ. ಅರಿಜೋನಾದಲ್ಲಿ ಅನೇಕ ಕಾಡುಗಿಡಗಳಿಗೆ ಕಾನೂನಿನ ರಕ್ಷಣೆಯಿದೆ, ಬಯಲಿನಿಂದ ಕಿತ್ತು ತರಬೇಡಿ. ಊರಿನಿಂದ ಬರುವಾಗ ಬ್ಯಾಗಿನಲ್ಲಿ ತಂಗಡಿ ಬೀಜ ತರುವುದೂ ಬೇಡ. ಅಗತ್ಯ ದಾಖಲೆಗಳಿಲ್ಲದ ಬೀಜವನ್ನು ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ.

ನೀರು

ಡ್ರಿಪ್ ಇದ್ದರೂ ಪೈಪ್ ಹಿಡಿದರೂ ನೀರು ಒಂದಡಿ ಆಳಕ್ಕೆ ಇಳಿಯಬೇಕು. ಸಣ್ಣ ಕಬ್ಬಿಣದ ಸರಳು ಚುಚ್ಚಿ ನೋಡಿ, ನೆನೆದ ಮಣ್ಣಿನಲ್ಲಿ ಸಲೀಸಾಗಿ ಇಳಿಯುತ್ತದೆ. ನೆಟ್ಟ ಮೊದಲ ಕೆಲವು ವಾರ ವಾರಕ್ಕೆರಡು ಸಲ, ಚಳಿಗಾಲದಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ, ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಕೊಡಿ. ಎರಡನೇ ಬೇಸಿಗೆಯಿಂದ ತಿಂಗಳಿಗೆ ಎರಡು ಸಲ ಸಾಕು. ಮಳೆ ಬಂದ ವಾರ ಕೊಡಬೇಡಿ.

ಜೇನಿಗೆ ನೆಲವೂ ಬೇಕು

ಇದನ್ನು ಬಹಳ ಜನ ಮರೆಯುತ್ತಾರೆ. ಇಲ್ಲಿನ ಒಂಟಿ ಜೇನುಗಳಲ್ಲಿ ಹೆಚ್ಚಿನವು ಗೂಡು ಕಟ್ಟುವುದು ಮಣ್ಣಿನೊಳಗೆ. ಕಳೆ ಬಾರದಿರಲೆಂದು ಜಲ್ಲಿಯಡಿ ಪ್ಲಾಸ್ಟಿಕ್ ಹಾಳೆ ಹಾಸಿದರೆ ಅವುಗಳಿಗೆ ಬಾಗಿಲು ಮುಚ್ಚಿದಂತೆ, ಉದುರಿದ ಬೀಜಕ್ಕೂ ನೆಲ ಸಿಗದು. ಹಾಳೆ ಇದ್ದರೆ ಕಿತ್ತುಹಾಕಿ, ಬಿಸಿಲು ಬೀಳುವ ಒಂದು ಮೂಲೆಯನ್ನು ಬರಿಮಣ್ಣಾಗಿಯೇ ಬಿಡಿ. ಈ ಜೇನುಗಳು ಅಟ್ಟಿಸಿಕೊಂಡು ಬಂದು ಕಚ್ಚುವುದಿಲ್ಲ, ಮಕ್ಕಳಿರುವ ಮನೆಯವರೂ ಹೆದರಬೇಕಿಲ್ಲ. ಕೀಟನಾಶಕವನ್ನಂತೂ ತರಲೇಬೇಡಿ. ಗಿಡ ಕೊಳ್ಳುವಾಗ ‘ನಿಯೊನಿಕೋಟಿನಾಯ್ಡ್’ ಹಾಕಿ ಬೆಳೆಸಿದ್ದೇ ಎಂದು ಕೇಳಿ. ಆ ವಿಷ ಹೂವಿನ ಮಕರಂದಕ್ಕೂ ಹೋಗುತ್ತದೆ.

ಮೇ ತಿಂಗಳಲ್ಲಿ ಪೆನ್‌ಸ್ಟೆಮನ್ ಕಡ್ಡಿ ಒಣಗಿದ ಮೇಲೆ ಬೀಜವನ್ನು ಕಾಗದದ ಚೀಲಕ್ಕೆ ಕೊಡವಿಕೊಂಡು ಆಮೇಲೆ ಕಡ್ಡಿ ಕತ್ತರಿಸಿ. ಹೂ ಮುಗಿದ ಗ್ಲೋಬ್ ಮ್ಯಾಲೋವನ್ನು ಮೊಳದೆತ್ತರಕ್ಕೆ ಸವರಿ. ಜೂನ್‌ನಲ್ಲಿ ಕೆಲವು ಗಿಡಗಳು ಎಲೆ ಉದುರಿಸಿ ಸತ್ತಂತೆ ಕಾಣುತ್ತವೆ, ಕೀಳಲು ಹೋಗಬೇಡಿ. ಬುಡದ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜುಲೈ ಮಳೆಯವರೆಗೆ ಕಾಯಿರಿ.