ಸರಿದೂಗಿಸುವ ಪಾಠ

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳು ಕೇಳಿದಾಗ, ಬರಿಯ ನೆನಪುಗಳಿಗಿಂತ ಒಂದು ಪಾಠವನ್ನೇ ಕೊಡುವುದು ಲೇಸೆಂದು ತೋರಿತು. ನಿಮ್ಮಲ್ಲಿ ಹಲವರನ್ನು ಕಾಡಿದ್ದ, ರಾಸಾಯನಿಕ ಸಮೀಕರಣವನ್ನು ಸರಿದೂಗಿಸುವ ಪಾಠವದು.

‘ಸರಿದೂಗಿಸು’ ಎಂಬ ಮಾತನ್ನೇ ಮೊದಲು ಗಮನಿಸಿರಿ. ಅದರೊಳಗೆ ತಕ್ಕಡಿಯಿದೆ. ಸಂತೆಯಲ್ಲಿ ಹುಣಿಸೆಹಣ್ಣು ತೂಗುವುದನ್ನು ಕಂಡ ನಮ್ಮ ಮಗುವಿಗೆ ಎರಡು ತಟ್ಟೆಗಳೂ ಸಮನಾಗಿ ನಿಲ್ಲಬೇಕೆಂಬುದು ಗೊತ್ತು. ಫ್ರಾನ್ಸಿನ ಲವಾಸಿಯೆ 1789ರ ತನ್ನ ಗ್ರಂಥದಲ್ಲಿ ಹೇಳಿದ ತತ್ತ್ವವೂ ಇದೇ: ರಾಸಾಯನಿಕ ಕ್ರಿಯೆಯಲ್ಲಿ ದ್ರವ್ಯವು ಹೊಸದಾಗಿ ಹುಟ್ಟುವುದಿಲ್ಲ, ಇದ್ದದ್ದು ಅಳಿಯುವುದೂ ಇಲ್ಲ.

ಸುಣ್ಣವನ್ನೇ ನೋಡೋಣ. ಶುದ್ಧವಾದ 100 ಕಿಲೋ ಸುಣ್ಣಕಲ್ಲು ಪೂರ್ತಿಯಾಗಿ ಬೆಂದರೆ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಮಿಕ್ಕ 44 ಕಿಲೋ ಎಲ್ಲಿ ಹೋಯಿತು? ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಗಾಳಿಗೆ ಸೇರಿತು. ಆ 56 ಕಿಲೋ ಸುಣ್ಣವು 18 ಕಿಲೋ ನೀರಿನೊಡನೆ ಕೂಡಿ 74 ಕಿಲೋ ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ 44 ಕಿಲೋ ಅನಿಲವನ್ನು ಮರಳಿ ಪಡೆದು, 18 ಕಿಲೋ ನೀರನ್ನು ಬಿಟ್ಟುಕೊಟ್ಟು, ನಿಧಾನವಾಗಿ ಮತ್ತೆ 100 ಕಿಲೋ ಸುಣ್ಣಕಲ್ಲಾಗುತ್ತದೆ. ಲೆಕ್ಕದಲ್ಲಿ ಒಂದು ಗುಂಜಿಯಷ್ಟೂ ವ್ಯತ್ಯಾಸವಿಲ್ಲ.

ತೂಕ ಸರಿಹೋಗಬೇಕಾದರೆ ಪರಮಾಣುಗಳ ಎಣಿಕೆ ಸರಿಹೋಗಬೇಕು. ಇದಕ್ಕೆ ನಾನು ತರಗತಿಯಲ್ಲಿ ಹುರುಳಿ ಮತ್ತು ಅವರೆಕಾಳುಗಳನ್ನು ಬಳಸುತ್ತಿದ್ದೆ. ಹುರುಳಿ ಜಲಜನಕದ ಪರಮಾಣು, ಅವರೆ ಆಮ್ಲಜನಕದ ಪರಮಾಣು. ಜಲಜನಕದ ಒಂದು ಅಣುವೆಂದರೆ ಎರಡು ಹುರುಳಿ; ಆಮ್ಲಜನಕದ ಒಂದು ಅಣುವೆಂದರೆ ಎರಡು ಅವರೆ; ನೀರಿನ ಅಣುವೆಂದರೆ ಎರಡು ಹುರುಳಿ, ಒಂದು ಅವರೆ. ಎಡಗಡೆ ಜಲಜನಕ ಮತ್ತು ಆಮ್ಲಜನಕದ ಒಂದೊಂದು ಅಣುವನ್ನೂ ಬಲಗಡೆ ನೀರಿನ ಒಂದು ಅಣುವನ್ನೂ ಇಟ್ಟರೆ ಎಡಗಡೆ ಒಂದು ಅವರೆ ಹೆಚ್ಚಾಗುತ್ತದೆ.

ಆಗ ಮಕ್ಕಳು ಆ ಅವರೆಯನ್ನು ನೀರಿನ ಅಣುವಿಗೇ ಸೇರಿಸಲು ಹೊರಡುವುದುಂಟು. ಸೇರಿಸಿದರೆ ಅದು ನೀರಲ್ಲ, ಗಾಯ ತೊಳೆಯಲು ಬಳಸುತ್ತಿದ್ದ ಹೈಡ್ರೊಜನ್ ಪೆರಾಕ್ಸೈಡ್! ಆದುದರಿಂದ ನಿಯಮ ಒಂದೇ: ಅಣುವಿನ ಒಳರಚನೆಯನ್ನು ಮುಟ್ಟಬಾರದು, ಅಣುಗಳ ಸಂಖ್ಯೆಯನ್ನು ಮಾತ್ರ ಹೆಚ್ಚಿಸಬೇಕು. ನೀರಿನ ಅಣು ಎರಡಾಗಲಿ. ಬಲಗಡೆ ನಾಲ್ಕು ಹುರುಳಿಯಾದುದರಿಂದ ಎಡಗಡೆ ಜಲಜನಕದ ಅಣುಗಳೂ ಎರಡಾಗಲಿ. ತಕ್ಕಡಿ ನಿಂತಿತು. 4 ಗ್ರಾಂ ಜಲಜನಕ, 32 ಗ್ರಾಂ ಆಮ್ಲಜನಕ, 36 ಗ್ರಾಂ ನೀರು.

ಅಡುಗೆ ಅನಿಲದಲ್ಲಿರುವ ಪ್ರೊಪೇನ್ ಉರಿಯುವಾಗಲೂ ಹೀಗೆಯೇ. ಅದರ ಅಣುವಿನಲ್ಲಿ 3 ಇಂಗಾಲ, 8 ಜಲಜನಕ ಪರಮಾಣುಗಳಿವೆ. ಮೊದಲು ಇಂಗಾಲವನ್ನು ಎಣಿಸಿರಿ: ಇಂಗಾಲದ ಡೈಆಕ್ಸೈಡಿನ 3 ಅಣುಗಳು. ಬಳಿಕ ಜಲಜನಕ: ನೀರಿನ 4 ಅಣುಗಳು. ಆಮ್ಲಜನಕವನ್ನು ಕೊನೆಗೆ ಇಟ್ಟುಕೊಳ್ಳಿರಿ: 6 ಮತ್ತು 4 ಸೇರಿ 10 ಪರಮಾಣುಗಳು, ಅಂದರೆ 5 ಅಣುಗಳು.

ಕನ್ನಡದಲ್ಲಿ ವಿಜ್ಞಾನ ಓದಿದರೆ ಮುಂದೇನು ಗತಿ ಎಂದು ಪಾಲಕರು ನನ್ನನ್ನು ಕೇಳುತ್ತಲೇ ಬಂದಿದ್ದಾರೆ. ಸೇಲಂ ಜಿಲ್ಲೆಯಲ್ಲಿದ್ದ ನಮ್ಮ ಸೀಮೆ 1965ರಲ್ಲಿ ಧರ್ಮಪುರಿಗೂ 2004ರಲ್ಲಿ ಕೃಷ್ಣಗಿರಿಗೂ ಸೇರಿತು; ಶಾಲೆಗಳಲ್ಲಿ ತಮಿಳನ್ನು ಹಂತ ಹಂತವಾಗಿ ಕಡ್ಡಾಯಗೊಳಿಸುವ ಕಾಯ್ದೆ 2006ರಲ್ಲಿ ಬಂದಿತು. ಮೇಲಿನ ತರಗತಿಗಳಲ್ಲಿ ಇಂಗ್ಲಿಷ್ ಕಾದಿರುತ್ತದೆ. ಪಾಲಕರ ಆತಂಕ ಸಹಜವಾದುದು. ಆದರೆ ಮಾಧ್ಯಮ ಬದಲಾದಾಗ ಬದಲಾಗುವುದು ಹೆಸರುಗಳು ಮಾತ್ರ. ಮೂಲವಸ್ತುಗಳ ಸಂಕೇತಗಳೂ ಎಣಿಕೆಯೂ ಎಲ್ಲೆಡೆ ಒಂದೇ. ಜಲಜನಕವೆಂದರೆ ನೀರನ್ನು ಹುಟ್ಟಿಸುವುದು. ಗ್ರೀಕ್ ಮೂಲದ ‘ಹೈಡ್ರೊಜನ್’ ಎಂಬ ಹೆಸರಿಗೂ ಅದೇ ಅರ್ಥ. ಮನೆಮಾತಿನಲ್ಲಿ ಅರ್ಥವನ್ನು ಹಿಡಿದವನಿಗೆ ಹೊಸ ಹೆಸರನ್ನು ಕಲಿಯಲು ಒಂದು ವಾರ ಸಾಕು; ಅರ್ಥವಿಲ್ಲದೆ ಹೆಸರನ್ನಷ್ಟೇ ಉರುಹೊಡೆದವನಿಗೆ ಯಾವ ಮಾಧ್ಯಮವೂ ನೆರವಾಗದು.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳೇ, ನಿಮ್ಮ ಮಕ್ಕಳು ಯಾವ ಮಾಧ್ಯಮದಲ್ಲಿಯೇ ಓದುತ್ತಿರಲಿ, ಅವರನ್ನು ಕೂರಿಸಿಕೊಂಡು ಎರಡು ಹಿಡಿ ಕಾಳುಗಳಿಂದ ಈ ಲೆಕ್ಕವನ್ನು ಒಮ್ಮೆ ಕನ್ನಡದಲ್ಲಿ ಹೇಳಿಕೊಡಿರಿ. ಶಾಲೆಗೆ ನೀವು ಸಲ್ಲಿಸಬಹುದಾದ ಕಾಣಿಕೆಗಳಲ್ಲಿ ಅದೂ ಒಂದು.